ಎಷ್ಟು ಗಂಟೆಯ ಬೆಳಕು?

ನಿಸರ್ಗಚಿತ್ರದ ತರಗತಿಯಲ್ಲಿ ಹಾಳೆ ಕೈಗೆ ಬಂದ ಕೂಡಲೇ ನಮ್ಮ ಮೇಷ್ಟ್ರು ಮೊದಲು ಅದನ್ನು ತಿರುವಿ ಹಿಂಬದಿ ನೋಡುತ್ತಿದ್ದರು. ಅಲ್ಲಿ ಪೆನ್ಸಿಲಿನಲ್ಲಿ ನಾಲ್ಕು ಸಂಗತಿ ಇರಲೇಬೇಕಿತ್ತು: ತಾರೀಖು, ಶುರು ಮಾಡಿದ ಹೊತ್ತು ಮತ್ತು ಮುಗಿಸಿದ ಹೊತ್ತು, ಸೂರ್ಯ ಯಾವ ಕಡೆಗಿದ್ದ, ಆಕಾಶ ಹೇಗಿತ್ತು. ಮುಂಬದಿ ಆಮೇಲೆ. "ಇದು ಎಷ್ಟು ಗಂಟೆಯ ಬೆಳಕು?" ಅನ್ನುವ ಪ್ರಶ್ನೆಗೆ ಚಿತ್ರವೂ ಹಿಂಬದಿಯ ಬರಹವೂ ಒಂದೇ ಉತ್ತರ ಕೊಡಬೇಕು. ಕೊಡದಿದ್ದರೆ ಮರ ಎಷ್ಟೇ ಚೆನ್ನಾಗಿ ಬಂದಿರಲಿ, ಹಾಳೆ ವಾಪಸ್. ಈಗ ಕುಂಚ ಹಿಡಿದಿರುವವರಿಗೆ ಉಪಯೋಗಕ್ಕೆ ಬರಬಹುದೆಂದು ಆ ತರಗತಿಯ ಪಾಠವನ್ನು ನೆನಪಿರುವಷ್ಟು ಇಲ್ಲಿ ಬರೆದಿಡುತ್ತಿದ್ದೇನೆ. ಹೇಳುತ್ತಿರುವುದೆಲ್ಲ ಜಲವರ್ಣದ ಮಾತು.

ಹಿಂಬದಿಯಲ್ಲಿ ಬರೆದಿಡುವ ಪದ್ಧತಿಗೆ ದೊಡ್ಡ ಹಿರೀಕರಿದ್ದಾರೆ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ 1821 ಮತ್ತು 1822ರಲ್ಲಿ ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ ಕೂತು ಬರೀ ಆಕಾಶವನ್ನೇ ಎಣ್ಣೆಬಣ್ಣದಲ್ಲಿ ಸಾಲುಸಾಲಾಗಿ ಬರೆದ. ಅವುಗಳಲ್ಲಿ ಹಲವದರ ಹಿಂದೆ ದಿನ, ಹೊತ್ತು, ಗಾಳಿಯ ದಿಕ್ಕು, ಮೋಡದ ಸ್ಥಿತಿ ಎಲ್ಲ ನಮೂದಾಗಿದೆ. ಅದಕ್ಕೂ ಮೊದಲು, 1800ರಲ್ಲೇ, ಫ್ರಾನ್ಸಿನ ಪಿಯೆರ್ ಆನ್ರಿ ದ ವಾಲೆನ್ಸಿಯೆನ್ ಬಯಲಿನಲ್ಲಿ ಬರೆಯುವವರಿಗೆ ಕಾಲಮಿತಿ ಹಾಕಿಕೊಟ್ಟಿದ್ದ: ಯಾವ ಅಭ್ಯಾಸಚಿತ್ರಕ್ಕೂ ಎರಡು ಗಂಟೆಗಿಂತ ಹೆಚ್ಚು ಬೇಡ, ಸೂರ್ಯೋದಯ, ಸೂರ್ಯಾಸ್ತಕ್ಕಾದರೆ ಅರ್ಧ ಗಂಟೆ ಮೀರಬಾರದು. ಇನ್ನೂರು ವರ್ಷ ಕಳೆದರೂ ಈ ಲೆಕ್ಕ ಸುಳ್ಳಾಗಿಲ್ಲ. ಯಾಕೆಂದು ನೆರಳನ್ನು ಅಳೆದರೆ ತಿಳಿಯುತ್ತದೆ.

ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. 10 ಮೀಟರ್ ಎತ್ತರದ ಒಂದು ಮರ ಇಟ್ಟುಕೊಳ್ಳಿ. ಸೂರ್ಯ ದಿಗಂತದಿಂದ 15 ಡಿಗ್ರಿ ಮೇಲಿದ್ದಾಗ ಅದರ ನೆರಳು ಸುಮಾರು 37 ಮೀಟರ್. 30 ಡಿಗ್ರಿಗೆ ಏರಿದಾಗ 17 ಮೀಟರ್. 45ರಲ್ಲಿ ಮರದಷ್ಟೇ, 10 ಮೀಟರ್. 60ರಲ್ಲಿ 6 ಮೀಟರಿಗೂ ಕಡಿಮೆ. ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುವ ಕಡೆಗಳಲ್ಲಿ 15ರಿಂದ 30 ಡಿಗ್ರಿಗೆ ಹೋಗಲು ಒಂದೇ ಗಂಟೆ ಸಾಕು. ಅಷ್ಟರಲ್ಲಿ ನೆರಳು ಅರ್ಧಕ್ಕಿಂತ ಕೆಳಗಿಳಿದು ದಿಕ್ಕನ್ನೂ ತುಸು ಬದಲಿಸಿರುತ್ತದೆ. ಬೆಳಗಿನ ಬೆಳಕು ಚೆಂದ ಅಂತ ಎಲ್ಲರೂ ಅದಕ್ಕೇ ಹೋಗುತ್ತಾರೆ, ಆದರೆ ಅತಿ ಬೇಗ ಕೈಬಿಟ್ಟುಹೋಗುವ ಬೆಳಕೂ ಅದೇ. ಹೊಸಬರ ಹಾಳೆಯಲ್ಲಿ ಎಡಗಡೆಯ ಮರದ ನೆರಳು ಏಳೂವರೆಯದು, ಬಲಗಡೆಯ ಗೋಡೆಯದು ಒಂಬತ್ತರದು ಆಗಿರುತ್ತದೆ. ನೋಡುವವರಿಗೆ ಕಾರಣ ಗೊತ್ತಾಗುವುದಿಲ್ಲ. ಏನೋ ಸರಿಯಿಲ್ಲ ಅನ್ನಿಸುತ್ತದೆ, ಅಷ್ಟೇ.

ಇದಕ್ಕೆ ಮದ್ದು ಒಂದೇ. ಪೆನ್ಸಿಲ್ ರೇಖೆ ಹಾಕುವಾಗಲೇ ನೆರಳುಗಳ ಅಂಚನ್ನೂ ಗುರುತಿಸಿಬಿಡಬೇಕು. ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಗುರುತಿಸಿದ ನೆರಳೇ ಕಡೆಯವರೆಗೂ. ಆಮೇಲೆ ಎದುರಿನ ನೆರಳು ಎಷ್ಟೇ ಸರಿದರೂ ಅದರ ಬೆನ್ನು ಹತ್ತಬಾರದು. ಬಣ್ಣಕ್ಕಾಗಿ ಮಾತ್ರ ತಲೆಯೆತ್ತಿ ನೋಡಬೇಕು.

ಸಾಮಾನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕ) ಇರಲಿ, ಹತ್ತಿಯದಾದರೆ ಒಳ್ಳೆಯದು. ಅದಕ್ಕಿಂತ ತೆಳುವಾದದ್ದು ನೀರು ಬಿದ್ದೊಡನೆ ಉಬ್ಬಿ ತಗ್ಗುಗಳಲ್ಲಿ ಬಣ್ಣ ನಿಲ್ಲಿಸಿಕೊಳ್ಳುತ್ತದೆ. ಬಯಲಿನ ಕೆಲಸಕ್ಕೆ ಕಾಲು ಹಾಳೆ, ಅಂದರೆ 11×15 ಇಂಚು ಸಾಕು. ಹೊಸಬರು ಅದರಲ್ಲೂ ಅರ್ಧ ತೆಗೆದುಕೊಳ್ಳಲಿ. ಪ್ಲೈವುಡ್ ಬೋರ್ಡಿಗೆ ನಾಲ್ಕೂ ಅಂಚು ಪೇಪರ್ ಟೇಪ್ ಹಚ್ಚಿ. ಕುಂಚ ಮೂರು: ಒಂದಿಂಚಿನ ಫ್ಲ್ಯಾಟ್ (ಚಪ್ಪಟೆ ತುದಿಯದು), 12ನೇ ನಂಬರಿನ ರೌಂಡ್ (ದುಂಡಗಿನದು), 6ನೇ ನಂಬರಿನ ರೌಂಡ್. ನೀರಿಗೆ ಎರಡು ಡಬ್ಬಿ, ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಒಂದೇ ಡಬ್ಬಿಯಲ್ಲಿ ಎರಡನ್ನೂ ಮಾಡಿದರೆ ಅರ್ಧ ಗಂಟೆಯಲ್ಲಿ ಆಕಾಶಕ್ಕೂ ಮಣ್ಣಿನ ಬಣ್ಣ ಬಂದಿರುತ್ತದೆ. ಸ್ಟ್ಯಾಂಡ್ ಬಳಸುವವರು ಅದರ ನಡುವಿಗೆ ಭಾರ ತೂಗುಬಿಡಿ, ಗಾಳಿಗೆ ಬೋರ್ಡು ಹಾಯಿಯಂತೆ ಉಬ್ಬುತ್ತದೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1870ರಲ್ಲಿ ಅಲ್ಲಿನ ಟ್ರೂವಿಲ್ ಕಡಲತೀರದಲ್ಲಿ ಬರೆದ ಒಂದು ಚಿತ್ರದ ಬಣ್ಣದೊಳಗೆ ಮರಳಿನ ಕಣಗಳು ಇಂದಿಗೂ ಸಿಕ್ಕಿಕೊಂಡಿವೆ. ಅದು ಗಾಳಿ ತಂದು ಹಾಕಿದ್ದೇ.

ಎಲ್ಲಿ ಕೂರಬೇಕು ಅನ್ನುವುದು ಮಾತ್ರ ಸಣ್ಣ ವಿಷಯವಲ್ಲ. ಕಾಗದದ ಮೇಲೆ ಬಿಸಿಲು ಬೀಳಬಾರದು. ಬಿಸಿಲಿನಲ್ಲಿರುವ ಬಿಳಿ ಹಾಳೆ ಕಣ್ಣು ಕುಕ್ಕುತ್ತದೆ, ಹಚ್ಚಿದ ಬಣ್ಣವೆಲ್ಲ ತೀರ ತಿಳಿಯಾಗಿ ಕಾಣುತ್ತದೆ, ಕೈ ತಾನಾಗಿ ಗಾಢ ಬಣ್ಣ ಕಲಸುತ್ತ ಹೋಗುತ್ತದೆ. ಒಳಗೆ ತಂದು ನೋಡಿದಾಗ ಚಿತ್ರ ಕಪ್ಪಿಟ್ಟಿರುತ್ತದೆ. ಹಾಳೆ, ಪ್ಯಾಲೆಟ್ (ಬಣ್ಣ ಕಲಸುವ ತಟ್ಟೆ) ಎರಡೂ ಒಂದೇ ನೆರಳಿನಲ್ಲಿರಲಿ. ಕೊಡೆ ಹಿಡಿಯುವುದಾದರೆ ಕಪ್ಪೋ ಬೂದೋ ಇರಲಿ, ಬಣ್ಣದ ಕೊಡೆಯಾದರೆ ಅದರ ಬಣ್ಣವೇ ಹಾಳೆಯ ಮೇಲೆ ಇಳಿದು ಕಣ್ಣಿಗೆ ಮೋಸ ಮಾಡುತ್ತದೆ.

ಕುಂಚ ಮುಟ್ಟುವ ಮೊದಲು ಒಂದು ಕಿರುಚಿತ್ರ: ಅಂಗೈಗಿಂತ ಸಣ್ಣದು, ಮೆತ್ತನೆಯ 4ಬಿ ಪೆನ್ಸಿಲಿನಲ್ಲಿ, ಮೂರೇ ಟೋನ್, ಅಂದರೆ ತಿಳಿ-ಗಾಢದ ಮೂರೇ ಮಟ್ಟ. ಬಿಳಿ, ನಡುವಿನ ಬೂದು, ಗಾಢ. ಐದು ನಿಮಿಷಕ್ಕಿಂತ ಹೆಚ್ಚಿಲ್ಲ. ಕಣ್ಣನ್ನು ಅರ್ಧ ಮುಚ್ಚಿ ನೋಡಿ, ಎಲೆ ಕಲ್ಲುಗಳ ವಿವರ ಅಳಿಸಿಹೋಗಿ ದೊಡ್ಡ ದೊಡ್ಡ ಆಕಾರಗಳಷ್ಟೇ ಉಳಿಯುತ್ತವೆ. ಬರೆಯಬೇಕಾದದ್ದು ಅವನ್ನೇ. ಬಣ್ಣ ತಪ್ಪಿದರೂ ಟೋನ್ ಸರಿಯಿದ್ದರೆ ಚಿತ್ರ ನಿಲ್ಲುತ್ತದೆ, ಟೋನ್ ತಪ್ಪಿದರೆ ಎಂಥ ಬಣ್ಣವೂ ಅದನ್ನು ಎತ್ತಿ ನಿಲ್ಲಿಸಲಾರದು. ಸಾಮಾನ್ಯ ಹಗಲಿನಲ್ಲಿ ಆಕಾಶ ಎಲ್ಲಕ್ಕಿಂತ ತಿಳಿ, ಬೆಳಕು ಬರುವುದೇ ಅಲ್ಲಿಂದ. ಮಲಗಿರುವ ನೆಲ ಅದನ್ನು ನೇರವಾಗಿ ಪಡೆಯುವುದರಿಂದ ಎರಡನೆಯದು. ಇಳಿಜಾರಿನ ಗುಡ್ಡ, ಛಾವಣಿ ಮೂರನೆಯದು. ನೆಟ್ಟಗೆ ನಿಂತ ಮರಗಳು ಎಲ್ಲಕ್ಕಿಂತ ಗಾಢ. ಬಿಸಿಲಿಗೆ ಮುಖ ಮಾಡಿದ ಸುಣ್ಣದ ಗೋಡೆ, ಬಿರುಮಳೆ ಮುಂಚಿನ ಮೋಡ, ಹಿಮ, ಇವು ಈ ನಿಯಮಕ್ಕೆ ಹೊರತು. ಹೊರತಾದದ್ದು ಎದುರಿಗೆ ಸಿಕ್ಕರೆ ಬಿಡಬೇಡಿ, ಚಿತ್ರದ ಜೀವ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಇನ್ನು ಹಸಿರು. ಬಯಲಿಗೆ ಬಂದವರೆಲ್ಲ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದು ಎಲೆ ಕಿತ್ತು ಸೂರ್ಯನಿಗೆ ಅಡ್ಡವಾಗಿ ಹಿಡಿಯಿರಿ. ಬೆಳಕು ಅದರೊಳಗಿಂದ ಹಾದು ಬರುತ್ತದೆ, ನರಗಳು ಎದ್ದು ಕಾಣುತ್ತವೆ, ಬಣ್ಣ ಹಳದಿಗೆ ವಾಲಿದ ಉರಿಯುವ ಹಸಿರು. ಅದೇ ಎಲೆಯನ್ನು ತಿರುಗಿಸಿ ಮೇಲ್ಮೈಗೆ ಬೆಳಕು ಬೀಳುವಂತೆ ಹಿಡಿಯಿರಿ. ನುಣುಪಾದ ಮೈ ಆಕಾಶವನ್ನು ಪ್ರತಿಫಲಿಸಿ ಹಸಿರು ಹಿಂದೆ ಸರಿಯುತ್ತದೆ, ಬೂದುನೀಲಿ ಹೊಳಪು ಮುಂದೆ ಬರುತ್ತದೆ. ಈಗ ಎಲೆಯನ್ನು ನಿಮ್ಮ ಮೈಯ ನೆರಳಿಗೆ ತನ್ನಿ. ಮೂರನೆಯ ಹಸಿರು. ಒಂದೇ ಎಲೆ, ಮೂರು ಬಣ್ಣ. ಮರವೆಂದರೆ ಈ ಮೂರರ ಹಂಚಿಕೆ. ಸೂರ್ಯ ಮರದ ಹಿಂದಿದ್ದರೆ ಅಂಚಿನಲ್ಲಿ ಹಳದಿ ಹಸಿರು, ಒಡಲಲ್ಲಿ ಗಾಢ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಮರವೆಲ್ಲ ಚಪ್ಪಟೆಯಾಗಿ ತಣ್ಣನೆಯ ಹಸಿರು. ಅದಕ್ಕೇ ಬೆನ್ನಿಗೆ ಸೂರ್ಯನನ್ನು ಇಟ್ಟುಕೊಂಡು ಕೂರಬೇಡಿ, ಪಕ್ಕದಿಂದ ಬೆಳಕು ಬೀಳುವ ಕಡೆ ಕೂತುಕೊಳ್ಳಿ ಅನ್ನುವುದು.

ಟ್ಯೂಬಿನಲ್ಲಿ ಸಿಗುವ ಹಸಿರನ್ನು ಹಾಗೇ ಹಚ್ಚಿದರೆ ಪ್ಲಾಸ್ಟಿಕ್ ಎಲೆಯಾಗುತ್ತದೆ. ಬೆಳಕು ಹಾದ ಎಲೆಗೆ ಲೆಮನ್ ಯೆಲ್ಲೋ ಮೂರು ಪಾಲು, ಅಲ್ಟ್ರಾಮರೀನ್ ನೀಲಿ ಒಂದು ಪಾಲಿನಿಂದ ಶುರು ಮಾಡಿ. ಅಲ್ಟ್ರಾಮರೀನ್‌ನಲ್ಲಿ ಕೆಂಪಿನ ಲೇಪ ಇರುವುದರಿಂದ ಹಸಿರು ತುಸು ಮಂಕಾಗುತ್ತದೆ, ಎಲೆಗೆ ಆ ಮಂಕೇ ಬೇಕು. ಒಣಹುಲ್ಲು, ಹಳೆಯ ಎಲೆಗೆ ಹಳದಿಯ ಜಾಗದಲ್ಲಿ ಯೆಲ್ಲೋ ಓಕರ್ (ಮಣ್ಣಿನ ಹಳದಿ). ಒಡಲಿನ ಗಾಢಕ್ಕೆ ವಿರಿಡಿಯನ್ (ನೀಲಿಗೆ ವಾಲಿದ ಹಸಿರು) ಜೊತೆ ಬರ್ನ್ಟ್ ಸಿಯೆನ್ನಾ (ಕೆಂಗಂದು), ಇನ್ನೂ ಗಾಢ ಬೇಕಾದರೆ ಅಲಿಜರಿನ್ ಕ್ರಿಮ್ಸನ್ (ಗಾಢ ಕೆಂಪು). ಕಪ್ಪು ಬಣ್ಣ ಮುಟ್ಟಬೇಡಿ. ಮೂರಕ್ಕಿಂತ ಹೆಚ್ಚು ಬಣ್ಣ ಒಂದೇ ಕಡೆ ಕಲಸಿದರೆ ಕೆಸರಾಗುತ್ತದೆ. ಕೊಂಬೆಗಳ ಸಂದಿನಲ್ಲಿ ಕಾಣುವ ಆಕಾಶದ ಚೂರುಗಳನ್ನು ಬಯಲು ಆಕಾಶಕ್ಕಿಂತ ತುಸು ಗಾಢವಾಗಿ ಬರೆಯಿರಿ. ಸುತ್ತಲಿನ ಸಣ್ಣ ರೆಂಬೆಗಳು ಆ ಬೆಳಕನ್ನು ತಿಂದಿರುತ್ತವೆ. ಹಾಗೇ ಬಿಳಿ ಬಿಟ್ಟರೆ ಮರದ ಮೇಲೆ ಕಾಗದದ ಚೂರು ಅಂಟಿಸಿದಂತೆ ಕಾಣುತ್ತದೆ.

ನೆರಳಿಗೂ ಬಣ್ಣವಿದೆ. ತಿಳಿಯಾದ ದಿನ ಬಿಳಿ ಹಾಳೆಯೊಂದನ್ನು ಬಿಸಿಲಲ್ಲಿಟ್ಟು ಮೇಲೆ ಕೈ ಹಿಡಿದು ನೋಡಿ, ಬಿದ್ದ ನೆರಳು ಬೂದಲ್ಲ, ನೀಲಿಗೆ ವಾಲಿರುತ್ತದೆ. ಸೂರ್ಯನ ಬೆಳಕು ತಡೆದ ಜಾಗವನ್ನು ನೀಲಿ ಆಕಾಶ ಬೆಳಗುತ್ತಿದೆ ಎಂದೇ ಅರ್ಥ. ಮೋಡ ಕವಿದ ದಿನ ಈ ನೀಲಿ ಇರುವುದಿಲ್ಲ, ಅಂಚೂ ಇರುವುದಿಲ್ಲ. ಗೋಡೆಯ ಬುಡದ ನೆರಳಿಗೆ ಬಿಸಿಲು ಬಿದ್ದ ನೆಲದಿಂದ ಬೆಚ್ಚನೆಯ ಬಣ್ಣ ಏರುತ್ತದೆ. ಮೇಲೆ ನೀಲಿ, ಕೆಳಗೆ ಕಾವಿ, ಎರಡನ್ನೂ ಹಸಿಯಿರುವಾಗಲೇ ಒಂದಕ್ಕೊಂದು ಸೇರಿಸಬೇಕು.

ದೂರದ ಗುಡ್ಡ ನೀಲಿ ಎಂದು ಎಲ್ಲರಿಗೂ ಗೊತ್ತು. ಅರ್ಧ ಮಾತ್ರ ಗೊತ್ತು ಅನ್ನಬೇಕು. ನಮಗೂ ಗುಡ್ಡಕ್ಕೂ ನಡುವಿನ ಗಾಳಿ ಚದುರಿಸಿದ ನೀಲಿ ಬೆಳಕು ಗುಡ್ಡದ ಗಾಢ ಭಾಗಗಳ ಮೇಲೆ ಸೇರಿಕೊಳ್ಳುತ್ತದೆ, ಹಾಗಾಗಿ ದೂರದ ಗಾಢ ಬಣ್ಣಗಳು ಮೊದಲು ತಿಳಿಯಾಗಿ ನೀಲಿಗಟ್ಟುತ್ತವೆ. ಬಿಳಿಯ ಕಥೆ ತಿರುಗುಮುರುಗು. ದೂರದ ಬಿಳಿ ಮೋಡದಿಂದ ಹೊರಟ ಬೆಳಕಿನ ನೀಲಿ ದಾರಿಯಲ್ಲೇ ಚದುರಿಹೋಗುವುದರಿಂದ ದಿಗಂತದ ಬಳಿಯ ಮೋಡ ತಲೆಯ ಮೇಲಿನ ಮೋಡಕ್ಕಿಂತ ಹಳದಿಯಾಗಿರುತ್ತದೆ. ದೂರದ ಬಿಳಿಗೂ ನೀಲಿ ಬೆರೆಸುವುದು ಸಾಮಾನ್ಯವಾಗಿ ಆಗುವ ತಪ್ಪು. ಮೋಡಕ್ಕೆ ಓಕರ್ ಅನ್ನು ನೀರಿನಷ್ಟು ತೆಳುವಾಗಿ ಎಳೆದರೆ ಸಾಕು.

ನೀರಿನ ಬಗ್ಗೆ ಎರಡೇ ಮಾತು: ಪ್ರತಿಬಿಂಬ ಯಾವಾಗಲೂ ವಸ್ತುವಿನಿಂದ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ, ನೆರಳಿನ ಹಾಗೆ ಓರೆಯಾಗುವುದಿಲ್ಲ. ತಿಳಿ ವಸ್ತುವಿನ ಬಿಂಬ ಒಂದು ಮೆಟ್ಟಿಲು ಗಾಢ, ಗಾಢ ವಸ್ತುವಿನ ಬಿಂಬ ಸಾಮಾನ್ಯವಾಗಿ ಒಂದು ಮೆಟ್ಟಿಲು ತಿಳಿ.

ವಾಷ್, ಅಂದರೆ ನೀರಾಗಿ ಕಲಸಿ ಹಾಳೆಯ ಮೇಲೆ ಹರಡಿದ ಬಣ್ಣದ ಪದರ, ಕೆಡುವುದು ಹೆಚ್ಚಾಗಿ ಆತುರದಿಂದ. ಬೋರ್ಡನ್ನು 15ರಿಂದ 20 ಡಿಗ್ರಿ ಓರೆ ಇಟ್ಟು ಮೇಲಿಂದ ಬಣ್ಣದ ಹನಿಸಾಲನ್ನು ಇಳಿಸುತ್ತ ಬನ್ನಿ. ಕೆಳಗೆ ಬಂದು ನಿಂತ ನೀರನ್ನು ಹಿಂಡಿದ ಕುಂಚದಿಂದ ಹೀರಿಬಿಡಿ, ಇಲ್ಲದಿದ್ದರೆ ಅದು ಅರ್ಧ ಒಣಗಿದ ಬಣ್ಣದೊಳಕ್ಕೆ ಹಿಂದೆ ನುಗ್ಗಿ ಹೂಕೋಸಿನಂಥ ಕಲೆ ಮಾಡುತ್ತದೆ. ಹಾಳೆಯನ್ನು ಓರೆಯಿಂದ ನೋಡಿದರೆ ಅದರ ಸ್ಥಿತಿ ತಿಳಿಯುತ್ತದೆ. ಕನ್ನಡಿಯಂತೆ ಹೊಳೆಯುತ್ತಿದ್ದರೆ ಬಣ್ಣ ಸೇರಿಸಬಹುದು. ಹೊಳಪು ರೇಷ್ಮೆಯಷ್ಟಕ್ಕೆ ಇಳಿದಾಗ ಹಾಳೆಯ ಮೇಲಿರುವುದಕ್ಕಿಂತ ಗಟ್ಟಿ ಬಣ್ಣ ಮಾತ್ರ, ನೀರಂತೂ ಬೇಡವೇ ಬೇಡ. ಹೊಳಪು ಹೋಗಿಯೂ ಒಣಗಿಲ್ಲದಾಗ ಏನೂ ಮುಟ್ಟಬೇಡಿ. ಬೆರಳ ಹಿಂಬದಿಯನ್ನು ಮೆಲ್ಲಗೆ ತಾಗಿಸಿ, ತಣ್ಣಗಿದ್ದರೆ ಒಳಗಿನ್ನೂ ಹಸಿ. ಬಿಸಿಗಾಳಿಯಲ್ಲಿ ಒಂದೇ ನಿಮಿಷದಲ್ಲಿ ವಾಷ್ ಹಿಡಿದುಕೊಂಡು ಗೀರುಬೀಳುತ್ತದೆ. ಅಂಥ ದಿನ ಹಾಳೆಯ ಎರಡೂ ಬದಿ ಒದ್ದೆ ಮಾಡಿ ಬೋರ್ಡಿಗೆ ಕೂರಿಸಿದರೆ ಹೆಚ್ಚು ಹೊತ್ತು ಹಸಿಯಾಗಿರುತ್ತದೆ. ಒಣಗಿದ ಮೇಲೆ ಜಲವರ್ಣ ತಿಳಿಯಾಗುತ್ತದೆ. ಹಸಿಯಲ್ಲಿ ಸರಿಯಾಗಿ ಕಂಡದ್ದು ಒಣಗಿದಾಗ ಸಪ್ಪೆ, ಒಂದು ಮೆಟ್ಟಿಲು ಗಾಢವಾಗಿಯೇ ಹಚ್ಚಬೇಕು.

ಒಟ್ಟು ಒಂದೂವರೆ ಗಂಟೆಯನ್ನು ಮೇಷ್ಟ್ರು ಹೀಗೆ ಹಂಚುತ್ತಿದ್ದರು: ನೋಡುವುದು ಮತ್ತು ಕಿರುಚಿತ್ರಕ್ಕೆ 10 ನಿಮಿಷ, ನೆರಳಿನ ಗಡಿ ಸೇರಿ ರೇಖೆಗೆ 10, ಆಕಾಶ ಮತ್ತು ಬಿಳಿ ಉಳಿಸಿಕೊಂಡು ಮೊದಲ ತಿಳಿ ವಾಷ್‌ಗೆ 20, ಒಣಗಲು 10, ನಡುವಿನ ಟೋನ್ ಮತ್ತು ನೆರಳಿಗೆ 25, ಕೊನೆಯ ಗಾಢಕ್ಕೆ 15. ಒಣಗುವ ಹತ್ತು ನಿಮಿಷದಲ್ಲಿ ಕುಂಚ ಕೆಳಗಿಟ್ಟು ಎದ್ದು ಹತ್ತು ಹೆಜ್ಜೆ ಹಿಂದೆ ನಿಲ್ಲಬೇಕಿತ್ತು. ಹೆಚ್ಚಿನ ತಪ್ಪುಗಳು ಕಣ್ಣಿಗೆ ಬೀಳುತ್ತಿದ್ದದ್ದು ಅಲ್ಲಿಂದಲೇ.

ಹೊತ್ತು ಮೀರಿ ಬೆಳಕು ಬದಲಾದರೆ ಅದೇ ಹಾಳೆಯ ಮೇಲೆ ತಿದ್ದುವಂತಿರಲಿಲ್ಲ. ಮೊನೆ 1890ರಿಂದ 91ರವರೆಗೆ ಮನೆಯ ಪಕ್ಕದ ಹೊಲದ ಬಣವೆಗಳನ್ನು ಬರೆದದ್ದು ಹಾಗೆಯೇ: ಬೆಳಕು ಬದಲಾದಂತೆ ಒಂದು ಕ್ಯಾನ್ವಾಸ್ ಪಕ್ಕಕ್ಕಿಟ್ಟು ಆ ಬೆಳಕಿನದೇ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. 1891ರ ಮೇ ತಿಂಗಳಲ್ಲಿ ಅವುಗಳಲ್ಲಿ 15 ಪ್ಯಾರಿಸ್ಸಿನಲ್ಲಿ ಒಟ್ಟಿಗೆ ಪ್ರದರ್ಶನಗೊಂಡವು. ನಮ್ಮ ತರಗತಿಯಲ್ಲಿ ಅದರ ಸಣ್ಣ ರೂಪ ಹೀಗಿತ್ತು. ಮುಗಿಯದ ಹಾಳೆಯ ಹಿಂಬದಿಯಲ್ಲಿ ನಿಲ್ಲಿಸಿದ ಹೊತ್ತು ಬರೆದು ಎತ್ತಿಡುವುದು. ಮುಂದಿನ ತಿಳಿಯಾದ ದಿನ ಅದೇ ಹೊತ್ತಿಗೆ ಹತ್ತು ನಿಮಿಷ ಮೊದಲು ಅದೇ ಜಾಗದಲ್ಲಿ ಕೂತು, ಗುರುತಿಸಿಟ್ಟ ನೆರಳಿನ ಗಡಿಗೆ ನಿಜವಾದ ನೆರಳು ಬಂದು ಸೇರುವವರೆಗೆ ಕಾಯುವುದು. ಬಂದು ಸೇರಿದ ಮೇಲೆ ಕುಂಚ ಅದ್ದುವುದು.