ಮಾರಿಕಣಿವೆಯ ಮೇಷ್ಟ್ರು

ನನಗೆ ಕೆಲಸ ಕಲಿಸಿದವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೂ ಹಿರಿಯೂರಿನ ನೀರಾವರಿ ಕಚೇರಿಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರೆಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ನನ್ನ ತಂದೆಯ ಸಮಾನರು, ಹುದ್ದೆಯಲ್ಲಿ ನನಗಿಂತ ಕೆಳಗಿನವರು. ಈ ಎರಡರ ಮುಜುಗರ ಕಳೆದ ಮೇಲೆ ಉಳಿದದ್ದು ಸ್ನೇಹ.

ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಗರಿಷ್ಠ ಮಟ್ಟ 130 ಅಡಿ. ಅವರ ಬಾಯಲ್ಲಿ ಅದು ಸದಾ ಮಾರಿಕಣಿವೆಯೇ. ಕಣಿವೆ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ತಳದಲ್ಲಿ ಏರಿದ ಒಂದು ಅಡಿಗೂ ನೂರರ ಮೇಲೆ ಏರಿದ ಒಂದು ಅಡಿಗೂ ನೀರಿನ ಲೆಕ್ಕದಲ್ಲಿ ಅಜಗಜಾಂತರವಿದೆಯೆಂದೂ, ಎಷ್ಟು ಅಡಿ ಬಂತೆಂದು ಕೇಳುವ ರೈತನಿಗೆ ಬರಿಯ ಅಂಕಿ ಹೇಳಿ ಕಳಿಸಬಾರದೆಂದೂ ಅವರು ಮೊದಲ ದಿನವೇ ತಿಳಿಸಿದರು. ಗಾಳಿಗೆ ಅಲೆಯೇಳುತ್ತಿದ್ದರೆ ಅಳತೆಪಟ್ಟಿಯ ಮೇಲೆ ಅದರ ಏರನ್ನೂ ಇಳಿತವನ್ನೂ ಹಲವು ಬಾರಿ ನೋಡಿ, ನಡುವಿನ ಮಟ್ಟವನ್ನು ಬರೆಯುತ್ತಿದ್ದರು. ಪುಸ್ತಕದಲ್ಲಿ ತಪ್ಪು ಬಿದ್ದರೆ ಅಳಿಸುವಂತಿಲ್ಲ. ಹಳೆಯ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಈ ವಿಷಯದಲ್ಲಿ ಅವರಿಗೆ ಬರುತ್ತಿದ್ದ ಸಿಟ್ಟಿಗೆ ಮೇಲಧಿಕಾರಿಗಳೂ ಹೊರತಾಗಿರಲಿಲ್ಲ.

ಜಲಾಶಯ ತಳ ಕಂಡು, ತೆಂಗಿನ ತೋಟಗಳು ಸುಳಿ ಒಣಗಿ ನಿಂತ ವರ್ಷಗಳಲ್ಲಿ ಕಚೇರಿಯ ಫೋನು ಎತ್ತುವುದು ಯಾರಿಗೂ ಬೇಡವಾಗಿತ್ತು. ಮೇಷ್ಟ್ರು ಮಾತ್ರ ಎತ್ತುತ್ತಿದ್ದರು. ಮಳೆ ಬಂದೀತೆಂಬ ನಯವಾದ ಸಮಾಧಾನ ಹೇಳದೆ, ನಾಲೆಗೆ ಈ ಸಲ ನೀರಿಲ್ಲವೆಂದು ನೇರವಾಗಿ ತಿಳಿಸಿ, ಕೊಳವೆಬಾವಿಗೆ ಸಾಲ ಮಾಡುವ ಮೊದಲು ಯೋಚಿಸುವಂತೆ ಹೇಳುತ್ತಿದ್ದರು. ಕೆಲವರು ಬೈದರು, ಬೈದವರೇ ಮರುವಾರ ಮತ್ತೆ ಅವರನ್ನೇ ಕೇಳಿಕೊಂಡು ಫೋನು ಮಾಡುತ್ತಿದ್ದರು. ಇಂಥ ನಂಬಿಕೆ ಪದವಿಯಿಂದ ಬರುವುದಿಲ್ಲವೆಂದು ನಾನು ಅಲ್ಲಿ ಕಂಡೆ.

ನಿವೃತ್ತರಾದ ಮೇಲೂ ಮಳೆಗಾಲದಲ್ಲಿ ದಿನದ ಮಟ್ಟ ಕೇಳುತ್ತಿದ್ದ ಅವರು, ಅಣೆಕಟ್ಟು ತುಂಬುವುದಕ್ಕೆ ಮೊದಲೇ ತೀರಿಕೊಂಡರು. 1933ರ ನಂತರ ಮೊದಲ ಬಾರಿಗೆ, ಅಂದರೆ 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ನೋಡಲು ಜನ ಜಾತ್ರೆಯಂತೆ ಸೇರಿದರು. ಆ ವಾರ ಫೋನು ಮಾಡಿದ ತೋಟಗಾರರಲ್ಲಿ ಹಲವರು ನೀರಿನ ಮಾತಿಗೂ ಮೊದಲು ಮೇಷ್ಟ್ರನ್ನು ವಿಚಾರಿಸಿದರು, ಅವರಿಗೆ ಸುದ್ದಿ ತಲುಪಿರಲಿಲ್ಲ. ಒಂದೊಂದು ಕರೆಗೂ ನಾನು ಮೊದಲು ಅದನ್ನು ಹೇಳಿ, ಆಮೇಲೆ ಮಟ್ಟ ಹೇಳಿದೆ.