ವಾರ್ಡಿನಲ್ಲಿ ಬೇಕಾಗುವ ಆತ್ಮರಕ್ಷಣೆ

ಬೀದಿಯ ಪುಂಡನನ್ನು ಎದುರಿಗಿಟ್ಟುಕೊಂಡು ರೂಪಿಸಿದ ಆತ್ಮರಕ್ಷಣೆಯ ಪಾಠವನ್ನೇ ನರ್ಸಿಂಗ್ ವಿದ್ಯಾರ್ಥಿನಿಯರಿಗೂ ಒಪ್ಪಿಸಿದರೆ ಅದು ಅವರ ಕೆಲಸಕ್ಕೆ ಅರ್ಧವೂ ಒದಗುವುದಿಲ್ಲವೆಂಬುದು ಅವರಿಗೆ ಕಲಿಸುತ್ತ ನಾನು ಕಂಡುಕೊಂಡ ಸಂಗತಿ. ವಾರ್ಡಿನಲ್ಲಿ ಅವರ ಕೈಹಿಡಿದು ಎಳೆಯುವವನು ಶಸ್ತ್ರಚಿಕಿತ್ಸೆಯ ನಂತರ ಸನ್ನಿಗೊಳಗಾದ ವೃದ್ಧನಾಗಿರಬಹುದು, ಕುಡಿತ ನಿಂತ ಎರಡು ಮೂರು ದಿನಕ್ಕೆ ಇಲ್ಲದ್ದನ್ನೆಲ್ಲ ಕಾಣತೊಡಗಿದ ರೋಗಿಯಾಗಿರಬಹುದು, ಇಲ್ಲವೇ ತಾನೇನು ಮಾಡುತ್ತಿದ್ದೇನೆಂದು ಚೆನ್ನಾಗಿ ಬಲ್ಲ ದುರುಳನಾಗಿರಬಹುದು. ಮೊದಲಿನ ಇಬ್ಬರಿಗೆ ನೋವಾಗಬಾರದು. ಮೂರನೆಯವನ ಮುಂದೆ ಹಿಂಜರಿಯಬಾರದು.

ಆದ್ದರಿಂದ ನಾನು ಏಟಿಗಿಂತ ಮೊದಲು ಬಿಡಿಸಿಕೊಳ್ಳುವುದನ್ನು ಕಲಿಸುತ್ತೇನೆ. ಯಾವ ಹಿಡಿತದಲ್ಲಾದರೂ ಹೆಬ್ಬೆರಳು ಉಳಿದ ಬೆರಳುಗಳನ್ನು ಸಂಧಿಸುವ ಜಾಗವೇ ದುರ್ಬಲ. ಮಣಿಕಟ್ಟನ್ನು ಆ ಸಂದಿನ ಕಡೆಗೆ ಹೊರಳಿಸಿ, ಮೊಣಕೈ ಮಡಚಿ, ಮೈಯ ಭಾರವನ್ನೆಲ್ಲ ಹಾಕಿ ಸೆಳೆದುಕೊಂಡರೆ ತನಗಿಂತ ಬಲಶಾಲಿಯಿಂದಲೂ ಬಿಡಿಸಿಕೊಳ್ಳಲು ಸಾಧ್ಯ. ಜಡೆ ಹಿಡಿದವನ ಕೈಯನ್ನು ಎರಡೂ ಕೈಗಳಿಂದ ತಲೆಗೇ ಒತ್ತಿಕೊಂಡರೆ ಕೂದಲ ಸೆಳೆತ ತಗ್ಗುತ್ತದೆ. ಹಿಂದಿನಿಂದ ತೋಳು ಕುತ್ತಿಗೆಗೆ ಬಿದ್ದಾಗ ಮೊದಲು ಗದ್ದವನ್ನು ಎದೆಗೆ ಒತ್ತಬೇಕು, ಆಮೇಲೆ ಆ ತೋಳನ್ನು ಕೆಳಕ್ಕೆ ಜಗ್ಗಬೇಕು. ಕುತ್ತಿಗೆಯ ರಕ್ತನಾಳಗಳನ್ನು ಅದುಮಿದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆಂಬುದನ್ನು ಈ ವಿದ್ಯಾರ್ಥಿನಿಯರಿಗೆ ವಿವರಿಸಬೇಕಾಗಿಲ್ಲ, ಅವರು ಅದನ್ನು ಓದಿಯೇ ಬಂದಿರುತ್ತಾರೆ. ಸ್ಟೆತಸ್ಕೋಪನ್ನು ಕುತ್ತಿಗೆಗೆ ತೂಗುಹಾಕಬೇಡಿ, ಜಗ್ಗಿದರೆ ಕಳಚಿಕೊಳ್ಳುವ ಐಡಿ ಪಟ್ಟಿಯನ್ನೇ ಧರಿಸಿ, ನಿಮಗೂ ಬಾಗಿಲಿಗೂ ನಡುವೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ ಎಂದು ಮಾತ್ರ ಮತ್ತೆ ಮತ್ತೆ ಹೇಳುತ್ತೇನೆ.

ಎಲ್ಲಕ್ಕಿಂತ ಕಷ್ಟವಾಗುವುದು ಕೂಗುವುದು. ಮೆಲುದನಿಯಲ್ಲಿ ಮಾತನಾಡಬೇಕೆಂದು ಮನೆಯಲ್ಲೂ ಕಾಲೇಜಿನಲ್ಲೂ ತಿದ್ದಿಸಿಕೊಂಡ ಹುಡುಗಿಯರಿಗೆ ಹೊಟ್ಟೆಯಿಂದ 'ಬಿಡು' ಎಂದು ಅರಚಲು ಗಂಟಲೇ ಏಳುವುದಿಲ್ಲ. ಆ ಅಭ್ಯಾಸಕ್ಕೆ ನಾನು ಧಾರಾಳವಾಗಿ ಸಮಯ ಕೊಡುತ್ತೇನೆ.

ಉತ್ತರ ಕನ್ನಡದ ಹಳದೀಪುರದವರಾದ ನರ್ಸ್ ಅರುಣಾ ಶಾನಭಾಗರ ವಿಷಯವನ್ನು ಪ್ರತಿ ತಂಡಕ್ಕೂ ಹೇಳುತ್ತೇನೆ. 1973ರ ನವೆಂಬರ್ 27ರಂದು ಮುಂಬಯಿಯ ಕೆಇಎಂ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಅಲ್ಲಿಯೇ ಕೆಲಸಕ್ಕಿದ್ದವನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರ ಎಸಗಿದ. ಮಿದುಳಿಗೆ ಆದ ಹಾನಿಯಿಂದ ಅವರು ಚೇತರಿಸಿಕೊಳ್ಳಲೇ ಇಲ್ಲ, 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ದಾದಿಯರು ಅವರನ್ನು ನೋಡಿಕೊಂಡರು. ಯಾವುದೋ ಒಂದು ಪಟ್ಟು ಅವರನ್ನು ಉಳಿಸುತ್ತಿತ್ತೆಂದು ನಾನು ಹೇಳಲಾರೆ, ಹಾಗೆ ಹೇಳುವುದು ಅನ್ಯಾಯ. ಆಕ್ರಮಣ ಮಾಡುವವನು ಪರಿಚಿತ ಸಹೋದ್ಯೋಗಿಯೂ ಆಗಿರಬಹುದು ಎಂಬುದನ್ನು ಹುಡುಗಿಯರು ತಿಳಿಯಲಿ, ಚಿಲಕವಿರುವ ಕೋಣೆ ಮತ್ತು ಬೆಳಕಿರುವ ಓಣಿಯನ್ನು ಒದಗಿಸುವ ಹೊಣೆ ಆಸ್ಪತ್ರೆಯದೆಂಬುದನ್ನು ಆಡಳಿತದವರು ಮರೆಯದಿರಲಿ ಎಂಬುದಕ್ಕಾಗಿ ಹೇಳುತ್ತೇನೆ.

ತಿರುಗಿ ಹೊಡೆದರೆ ತಮ್ಮ ಮೇಲೆಯೇ ಕೇಸಾಗುವುದೆಂಬ ಭಯವೂ ಅನೇಕರಲ್ಲಿದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಸ್ವರಕ್ಷಣೆಯ ಹಕ್ಕನ್ನು ಕೊಡುತ್ತವೆ. ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡಬಾರದೆಂಬ ಮಿತಿಯೂ ಅಲ್ಲಿಯೇ ಇದೆ. ಇವನ್ನು ಪಟ್ಟುಗಳ ಜೊತೆಯಲ್ಲೇ ಕಲಿಸುತ್ತೇನೆ. ಒಂದು ದಿನದ ಶಿಬಿರದಲ್ಲಿ ಕಲಿತದ್ದು ಮೈಗೆ ಹತ್ತುವುದಿಲ್ಲವಾದ್ದರಿಂದ, ವಾರಕ್ಕೊಂದು ಗಂಟೆಯನ್ನಾದರೂ ವೇಳಾಪಟ್ಟಿಯಲ್ಲಿಯೇ ಸೇರಿಸಬೇಕೆಂದು ಕಾಲೇಜುಗಳ ಪ್ರಾಂಶುಪಾಲರನ್ನು ಕೇಳುತ್ತಿದ್ದೇನೆ.