ಗದ್ದೆಬಯಲಿನಲ್ಲಿ ಸೇತುವೆಗೆ ಬೋರ್ ಹಾಕಿದ ದಿನ

ತೀರ್ಥಹಳ್ಳಿ ಕಡೆಯ ಒಂದು ಹಳ್ಳಕ್ಕೆ ಕಾಲುಸಂಕದ ಜಾಗದಲ್ಲಿ ಸೇತುವೆ ಬರಬೇಕಿತ್ತು. ಎರಡೂ ದಡದಲ್ಲಿ ಗದ್ದೆ, ಅದರಾಚೆ ಅಡಿಕೆ ತೋಟ. ಕೊಯ್ಲು ಮುಗಿದ ಗದ್ದೆಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಅಡಿಪಾಯಕ್ಕೆ ನೆಲ ಎಷ್ಟು ಗಟ್ಟಿ ಎಂದು ನೋಡುವ ಬೋರ್ ಶುರುವಾಯಿತು. ಮೇಲಿನ ಒಂದು ಮೀಟರ್ ಒಣಗಿ ಬಿರಿದಿತ್ತು. ಅದರಡಿ ಕೊಳೆತ ಎಲೆ, ಮರದ ಚೂರು ಬೆರೆತ ಕಪ್ಪು ಜೇಡಿ.

ನೆಲದ ಗಟ್ಟಿತನ ಅಳೆಯುವ ಎಸ್‌ಪಿಟಿಯಲ್ಲಿ (ಸ್ಟ್ಯಾಂಡರ್ಡ್ ಪೆನೆಟ್ರೇಶನ್ ಟೆಸ್ಟ್) ರಾಡಿನ ತುದಿಗೆ ಸ್ಪೂನ್ ಎಂಬ ಕೊಳವೆ ಹಾಕಿ, 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬಿಡುತ್ತಾರೆ. ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ, ಮುಂದಿನ 30 ಸೆಂ.ಮೀ. ಇಳಿಯಲು ಬೇಕಾದ ಪೆಟ್ಟುಗಳೇ ಎನ್ ವ್ಯಾಲ್ಯೂ. ಮೂರು ಮೀಟರ್ ಆಳದಲ್ಲಿ ಪೆಟ್ಟೇ ಬೇಕಾಗಲಿಲ್ಲ, ರಾಡಿನ ಭಾರಕ್ಕೇ ಸ್ಪೂನ್ ಇಳಿಯಿತು. ಇಂಥ ಜೇಡಿಯಲ್ಲಿ ಎನ್ ನಂಬಿ ಡಿಸೈನ್ ಮಾಡಬಾರದು. ವೇನ್ ಶಿಯರ್ (ರೆಕ್ಕೆಯಿರುವ ಸರಳನ್ನು ಜೇಡಿಯೊಳಗೆ ತಿರುಗಿಸಿ ಅದರ ಬಲ ಅಳೆಯುವ ಪರೀಕ್ಷೆ) ಹಾಕಬೇಕು, ತೆಳುಗೋಡೆಯ ಟ್ಯೂಬಿನಲ್ಲಿ ಕದಡದ ಸ್ಯಾಂಪಲ್ ತೆಗೆಯಬೇಕು. ಟ್ಯೂಬನ್ನು ಹೊಡೆಯದೆ ಒಂದೇ ಸಮ ಒತ್ತಿ, ಸ್ವಲ್ಪ ಹೊತ್ತು ಬಿಟ್ಟು, ತಿರುಗಿಸಿ ಬುಡ ಕಡಿದು ಎತ್ತಬೇಕು. ಎರಡೂ ಬಾಯಿಗೆ ಮೇಣ ಮೆತ್ತಬೇಕು. ನಮ್ಮ ತಿರುವಿನ ರಸ್ತೆಗಳಲ್ಲಿ ಜೀಪಿನ ಕುಲುಕಾಟಕ್ಕೇ ಸ್ಯಾಂಪಲ್ ಕೆಡುತ್ತದೆ. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿಯೇ ಲ್ಯಾಬಿಗೆ ಕಳಿಸಿದೆವು.

ಏಳು ಮೀಟರ್ ದಾಟಿದ ಮೇಲೆ ಶೇಡಿ ಮಣ್ಣು ಬಂತು, ಎನ್ ಏರಿತು. ಹನ್ನೊಂದಕ್ಕೆ ಸುತ್ತಿಗೆ ಪುಟಿಯಿತು. ‘ಕಲ್ಲು ಸಿಕ್ತು ಸಾರ್, ಪ್ಯಾಕ್ ಮಾಡೋಣ್ವಾ?’ ಎಂದ ಡ್ರಿಲ್ಲರ್. ಕೊರೆದು ಕಲ್ಲಿನ ತುಂಡು (ಕೋರ್) ತೆಗೆಸಿದಾಗ ಒಂದು ಮೀಟರಿನಷ್ಟು ಗಟ್ಟಿ ಕಲ್ಲು, ಅದರಡಿ ಮತ್ತೆ ಶೇಡಿ! ಬಂಡೆ ಕೊಳೆತು ಮಣ್ಣಾಗುವಾಗ ಕೊಳೆಯದೆ ಉಳಿದ ಗುಂಡು ಅದು. ಒಣಗಿದ ಶೇಡಿ ಉಗುರಿಗೆ ಜಗ್ಗುವುದಿಲ್ಲ, ನೀರು ಕುಡಿದರೆ ಬೆರಳಲ್ಲೇ ಹಿಟ್ಟಾಗುತ್ತದೆ. ಅಂಥದರ ಮೇಲೆ ಕೂತ ಗುಂಡಿನ ಮೇಲೆ ಪೈಲ್ (ನೆಲದಾಳಕ್ಕೆ ಇಳಿಸುವ ಅಡಿಪಾಯದ ಕಂಬ) ನಿಲ್ಲಿಸುವಂತಿಲ್ಲ. ನಿಜವಾದ ಬಂಡೆ ಸಿಕ್ಕಿದ್ದು ಹದಿನಾರಕ್ಕೆ. ಅದರೊಳಗೂ ಐದು ಮೀಟರ್ ಕೊರೆಸಿದ ಮೇಲೆಯೇ ಒಪ್ಪಿದ್ದು.

ಪೈಲಿಗೆ ನೆಲೆ ಸಿಕ್ಕಿತು ನಿಜ. ಆದರೆ ಮೆದು ನೆಲದಲ್ಲಿ ನನಗೆ ಹೆಚ್ಚು ಭಯ ಅಬಟ್‌ಮೆಂಟ್ (ಸೇತುವೆಯ ತುದಿಯ ಗೋಡೆ) ಹಿಂದೆ ರಸ್ತೆಯ ಏರಿಗೆ ಸುರಿಯುವ ಮಣ್ಣಿನದು. ವೇನ್ ಕೊಟ್ಟ ಬಲ ಚದರ ಮೀಟರಿಗೆ 2 ಟನ್. ಅದನ್ನು ಜೇಡಿಯ ಲೆಕ್ಕದಲ್ಲಿ ಬಳಸುವ ಗುಣಕ 5.14ರಿಂದ ಗುಣಿಸಿದರೆ ಜೇಡಿ ತಾಳುವ ಗರಿಷ್ಠ ಭಾರ 10.3 ಟನ್. ನಕ್ಷೆಯಲ್ಲಿದ್ದ ಏರಿ ಆರು ಮೀಟರ್ ಎತ್ತರ. ಘನ ಮೀಟರಿಗೆ 1.9 ಟನ್ನಿನಂತೆ 11.4 ಟನ್. ಅಂದರೆ ಏರಿ ಪೂರ್ತಿ ಏಳುವ ಮೊದಲೇ ಗದ್ದೆ ಉಬ್ಬಿ ಜಾರುತ್ತದೆ. 1.5ರ ಸುರಕ್ಷತೆ ಇಟ್ಟರೆ ಒಮ್ಮೆಗೆ ಏರಿಸಬಹುದಾದದ್ದು ಮೂರೂವರೆ ಮೀಟರ್ ಮಾತ್ರ.

ಜಾರದಿದ್ದರೂ, ಭಾರಕ್ಕೆ ಜೇಡಿಯ ನೀರು ಹೊರಬಂದು ನೆಲ ಕುಗ್ಗುವುದು ತಪ್ಪದು. ಲ್ಯಾಬಿನ 20 ಮಿ.ಮೀ. ದಪ್ಪದ ಬಿಲ್ಲೆ 10 ನಿಮಿಷದಲ್ಲಿ ತನ್ನ ಒಟ್ಟು ಕುಗ್ಗುವಿಕೆಯ ಶೇ. 90 ಮುಗಿಸಿದರೆ, ಅದರಂತೆಯೇ ಮೇಲಕ್ಕೂ ಕೆಳಕ್ಕೂ ನೀರು ಬಸಿಯುವ ಆರು ಮೀಟರ್ ಪದರಕ್ಕೆ 625 ದಿನ ಬೇಕು. ನೀರು ಹೊರಬರುವ ದಾರಿ 300 ಪಟ್ಟು ಉದ್ದವಾದರೆ ಕಾಲ ಅದರ ವರ್ಗದಷ್ಟು, 90,000 ಪಟ್ಟು ಬೆಳೆಯುತ್ತದೆ. ಪೈಲ್ ಮೊದಲು ಹಾಕಿ ಆಮೇಲೆ ಮಣ್ಣು ಸುರಿದರೆ, ಕುಗ್ಗುವ ಜೇಡಿ ಪೈಲನ್ನು ಕೆಳಗೆಳೆಯುತ್ತದೆ. ಒಂದು ಮೀಟರ್ ವ್ಯಾಸದ ಪೈಲಿನ ಮೇಲೆ ಈ ಎಳೆತವೇ ಸುಮಾರು 38 ಟನ್. ಜೊತೆಗೆ ಜೇಡಿ ಹಳ್ಳದ ಕಡೆಗೂ ತಳ್ಳುತ್ತದೆ: ಅಬಟ್‌ಮೆಂಟ್ ವಾಲುತ್ತದೆ, ಸೇತುವೆ ಹಿಗ್ಗಲು ಬಿಟ್ಟ ಸಂದು (ಎಕ್ಸ್‌ಪಾನ್ಷನ್ ಜಾಯಿಂಟ್) ಮುಚ್ಚಿಕೊಳ್ಳುತ್ತದೆ.

ಹಾಗಾಗಿ ವರದಿಯಲ್ಲಿ ಎರಡು ದಾರಿ ಬರೆದೆವು. ಒಂದು, 1.2 ಮೀಟರ್ ಅಂತರದಲ್ಲಿ ಜೇಡಿಯ ನೀರು ಬೇಗ ಬಸಿಯಲು ಪ್ಲಾಸ್ಟಿಕ್ ಡ್ರೈನ್ ಇಳಿಸಿ, ಹಂತಹಂತವಾಗಿ ಏರಿ ಹಾಕಿ, ನೆಲ ಎಷ್ಟು ಇಳಿಯಿತೆಂದು ತೋರಿಸುವ ಸೆಟಲ್‌ಮೆಂಟ್ ಪ್ಲೇಟಿನ ಅಳತೆ ಬದಲಾಗುವುದು ನಿಂತ ಮೇಲೆ ಪೈಲ್ ಕೊರೆಯುವುದು. ಇನ್ನೊಂದು, ಎರಡೂ ಕಡೆ ಒಂದೊಂದು ಸ್ಪ್ಯಾನ್ (ಎರಡು ಆಧಾರಗಳ ನಡುವಿನ ಸೇತುವೆಯ ಭಾಗ) ಹೆಚ್ಚಿಸಿ, ಏರಿ ಮೂರು ಮೀಟರಿಗಿಂತ ತಗ್ಗಾಗುವಲ್ಲಿಗೆ ಅಬಟ್‌ಮೆಂಟ್ ಸರಿಸುವುದು. ಉಳಿದ ಏರಿಗೂ ಡ್ರೈನ್ ಬೇಕೇ ಬೇಕು. ಮಲೆನಾಡಿಗೆ ಎರಡನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಆಷಾಢದಲ್ಲಿ ಹಳ್ಳ ಗದ್ದೆಯ ಮೇಲೇ ಹರಿಯುತ್ತದೆ. ಎತ್ತರದ ಏರಿ ಅಡ್ಡ ನಿಂತರೆ ಮೇಲಿನ ತೋಟಕ್ಕೆ ನೀರು ನುಗ್ಗುತ್ತದೆ.